ಗದ್ದೆ ಕಾರ್ಖಾನೆಗೆ ಕಾಣುತ್ತೆ, ಕಾರ್ಖಾನೆ ನಮಗೆ ಕಾಣಬೇಡವೇ?

ಸಕ್ಕರೆ ಕಾರ್ಖಾನೆಗಳು ಡಿಜಿಟಲ್ ಆಗ್ತಿವೆ ಅನ್ನೋ ಮಾತು ಈಗ ಎಲ್ಲ ಕಡೆ ಕೇಳ್ತಿದೆ. ಆಗಲಿ, ಒಳ್ಳೆಯದೇ. ಫೀಲ್ಡ್‌ಮನ್ ಮೊಬೈಲ್ ಹಿಡಿದು ಬದುವಿನ ಮೇಲೆ ಒಂದು ಸುತ್ತು ಬಂದರೆ ಸಾಕು, ಎಷ್ಟು ಗುಂಟೆ, ಯಾವ ತಳಿ, ನಾಟಿ ಯಾವತ್ತು, ತನಿ ಕಬ್ಬೋ ಕೂಳೆಯೋ ಎಲ್ಲ ಕಂಪ್ಯೂಟರಿಗೆ ಹೋಗುತ್ತೆ. ಕೆಲವು ಕಾರ್ಖಾನೆಗಳು ಉಪಗ್ರಹದ ಚಿತ್ರ ನೋಡಿ ಬೆಳೆ ಹೇಗಿದೆ ಅಂತ ಅಂದಾಜು ಮಾಡ್ತವೆ. ಗೇಟಿನಲ್ಲಿ ಲಾರಿ ನಂಬರ್ ತಾನಾಗೇ ದಾಖಲಾಗುತ್ತೆ, ತೂಕ ಕಂಪ್ಯೂಟರಿನಲ್ಲೇ ಬರುತ್ತೆ.

ಇಷ್ಟೆಲ್ಲ ಆದಮೇಲೆ ನಮ್ಮ ಕೈಗೆ ಬಂದಿರೋದು ಏನು? ಮೊದಲು ಕಟಿಂಗ್ ಆರ್ಡರ್ ಯಾವಾಗ ಅಂತ ಕೇಳಿದರೆ "ಸಾಹೇಬರನ್ನ ಕೇಳಬೇಕು" ಅಂತಿದ್ರು. ಈಗ "ಸಿಸ್ಟಂನಲ್ಲಿ ಬಂದಿಲ್ಲ ಅಣ್ಣ" ಅಂತಾರೆ. ಸಾಹೇಬರ ಮನೆ ಬಾಗಿಲಿಗಾದ್ರೂ ಹೋಗಿ ನಿಲ್ಲಬಹುದಿತ್ತು. ಸಿಸ್ಟಂ ಮನೆ ಎಲ್ಲಿದೆ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಗದ್ದೆಯ ಮಾಹಿತಿ ಕಾರ್ಖಾನೆಗೆ ಹೋದ ಹಾಗೆ ಕಾರ್ಖಾನೆಯ ಮಾಹಿತಿ ಗದ್ದೆಗೂ ಬರಬೇಕು. ಬರದಿದ್ದರೆ ಅದು ನಮ್ಮ ಮೇಲಿನ ಕಾವಲು ಅಷ್ಟೇ. ಅದಕ್ಕೆ ಸುಧಾರಣೆ ಅನ್ನೋ ಹೆಸರು ಬೇಡ.

ಬೇರೆ ಕೈಗಾರಿಕೆಗಳನ್ನ ನೋಡಿ. ಮಂಡ್ಯದಿಂದ ಬೆಂಗಳೂರಿಗೆ ಹೋಗೋ ದಾರಿಯಲ್ಲಿ ಬಿಡದಿ ಹತ್ತಿರ ಟೊಯೋಟಾ ಕಾರ್ಖಾನೆ ಇದೆ. ಆ ಕಂಪನಿಯ ತಾಯಿನಾಡು ಜಪಾನಿನಲ್ಲಿ ತೈಚಿ ಓನೊ ಅನ್ನೋ ಎಂಜಿನಿಯರ್ 'ಕಾನ್ಬಾನ್' ಅನ್ನೋ ಪದ್ಧತಿ ತಂದರು. ಬರೀ ಒಂದು ಚೀಟಿ ಅದು. ಕಾರು ಜೋಡಿಸೋ ಕಡೆ ಒಂದು ಪೆಟ್ಟಿಗೆ ಬಿಡಿಭಾಗ ಖರ್ಚಾದರೆ, ಅದರ ಚೀಟಿ ಹಿಂದಕ್ಕೆ, ಆ ಭಾಗ ಮಾಡೋನ ಹತ್ತಿರ ಹೋಗುತ್ತೆ. "ಇಷ್ಟು ಬೇಕು, ಈಗ ಮಾಡು" ಅಂತ ಅದರ ಅರ್ಥ. ಚೀಟಿ ಬರದಿದ್ದರೆ ಮಾಡೋ ಹಾಗಿಲ್ಲ. ಈಗ ಕಾಗದದ ಚೀಟಿ ಹೋಗಿ ಕಂಪ್ಯೂಟರ್ ಸಂದೇಶ ಬಂದಿದೆ, ತತ್ವ ಅದೇ. ಅಲ್ಲಿ ಮಾಲು ಮುಂದಕ್ಕೆ ಹೋಗುತ್ತೆ, ಮಾಹಿತಿ ಹಿಂದಕ್ಕೆ ಬರುತ್ತೆ. ಸಕ್ಕರೆ ಕಾರ್ಖಾನೆಗೆ ಕಚ್ಚಾ ಮಾಲು ಕೊಡೋರು ನಾವು. ನಮ್ಮಲ್ಲಿ ಮಾಲೂ ಮುಂದಕ್ಕೆ, ಮಾಹಿತಿಯೂ ಮುಂದಕ್ಕೆ.

ಇದರಿಂದ ಆಗೋ ನಷ್ಟ ಎಂಥದ್ದು ಅಂತ ಕಬ್ಬು ಬೆಳೆದೋರಿಗೆ ಗೊತ್ತು. ಬೋಲ್ಟು ನಟ್ಟು ಹತ್ತು ದಿನ ಗೋಡೌನಿನಲ್ಲಿದ್ದರೂ ಬೋಲ್ಟಾಗೇ ಇರುತ್ತೆ. ಕಡಿದ ಕಬ್ಬು ಹಾಗಲ್ಲ. ಕಡಿದ ಗಳಿಗೆಯಿಂದ ನೀರು ಆರಿ ತೂಕ ಇಳಿಯೋಕೆ ಶುರು. ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತೆ, ಅದರಿಂದ ಹರಳು ಸಕ್ಕರೆ ಸಿಗಲ್ಲ. ಬಿಸಿಲು ಜಾಸ್ತಿ ಇದ್ದಷ್ಟೂ ಇದು ಬೇಗ. ಕಡಿದ ದಿನವೇ ಅಥವಾ ಮಾರನೇ ದಿನ ನುರಿಸಿದರೆ ಇಬ್ಬರಿಗೂ ಲಾಭ.

ಆದರೆ ನಡೆಯೋದು ಏನು? ಮಿಲ್ಲು ಕೆಟ್ಟು ನಿಂತಿರುತ್ತೆ. ಕಾರ್ಖಾನೆ ಒಳಗಿರೋ ಎಲ್ಲರಿಗೂ ಅದು ಐದು ನಿಮಿಷದಲ್ಲಿ ಗೊತ್ತಾಗಿರುತ್ತೆ. ಗದ್ದೆಯಲ್ಲಿ ಆಳುಗಳು ಮಾತ್ರ ಕಡೀತಾನೇ ಇರ್ತಾರೆ. ಹಿಂದಿನ ಹಂಗಾಮಿನಲ್ಲಿ ನಮ್ಮ ಕಬ್ಬಿನ ಲೋಡು ಗೇಟಿನ ಮುಂದೆ ಮೂರು ದಿನ ನಿಂತಿತ್ತು. ತೂಕ ಆಗಿದ್ದು ಮೂರನೇ ದಿನ, ಒಣಗಿದ ಮೇಲೆ. ಆರಿದ ನೀರಿನ ನಷ್ಟ ನಮ್ಮದು, ಲಾರಿ ನಿಂತಿದ್ದರ ಬಾಡಿಗೆಯೂ ನಮ್ಮದೇ. "ಇವತ್ತು ಕಡೀಬೇಡಿ" ಅಂತ ಎರಡು ಪದದ ಮೆಸೇಜು ಬಂದಿದ್ದರೆ ಕಬ್ಬು ಗದ್ದೆಯಲ್ಲೇ ಹಸಿರಾಗಿ ನಿಂತಿರ್ತಿತ್ತು. ಬ್ಯಾಂಕಿನವರು ಹತ್ತು ರೂಪಾಯಿ ಕಟ್ಟಾದರೂ ಮೆಸೇಜ್ ಕಳಿಸ್ತಾರೆ. ಕಾರ್ಖಾನೆಗೆ ಇದು ದೊಡ್ಡ ಕೆಲಸವೇ?

ಇನ್ನು ತೂಕದ ವಿಷಯ. 20 ಟನ್ ಲೋಡಿನಲ್ಲಿ ಅರ್ಧ ಪರ್ಸೆಂಟ್ ವ್ಯತ್ಯಾಸ ಅಂದ್ರೆ ಒಂದು ಕ್ವಿಂಟಾಲ್. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿರೋ ಎಫ್‌ಆರ್‌ಪಿ ಕ್ವಿಂಟಾಲಿಗೆ 355 ರೂಪಾಯಿ. ಒಬ್ಬ ರೈತನಿಗೆ ಇದು ದೊಡ್ಡದಾಗಿ ಕಾಣಲ್ಲ. ದಿನಕ್ಕೆ 5,000 ಟನ್ ನುರಿಸೋ ಕಾರ್ಖಾನೆಯಲ್ಲಿ ಅದೇ ಅರ್ಧ ಪರ್ಸೆಂಟು 25 ಟನ್ ಆಗುತ್ತೆ, ದಿನಕ್ಕೆ 88,750 ರೂಪಾಯಿ. ಎಲ್ಲರೂ ಹೀಗೆ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಅನುಮಾನ ಹೋಗಬೇಕಾದರೆ ದಾರಿ ಒಂದೇ. ಲೋಡು ವೇಬ್ರಿಡ್ಜ್ ಹತ್ತಿದ ಕ್ಷಣಕ್ಕೆ ಒಟ್ಟು ತೂಕ, ಖಾಲಿ ಗಾಡಿ ಇಳಿದ ಕ್ಷಣಕ್ಕೆ ಅದರ ತೂಕ, ಎರಡೂ ರೈತನ ಮೊಬೈಲಿಗೂ ಸರ್ಕಾರದ ಸರ್ವರಿಗೂ ಒಟ್ಟಿಗೆ ಹೋಗಬೇಕು. ಸರ್ವರ್ ಕಾರ್ಖಾನೆಯವರ ಕೈಯಲ್ಲೇ ಇದ್ದರೆ ಕಾಗದದ ಚೀಟಿಗೂ ಇದಕ್ಕೂ ಏನು ವ್ಯತ್ಯಾಸ?

ಮೂರನೆಯದು ಇಳುವರಿ. ಇಲ್ಲಿ ಇಳುವರಿ ಅಂದ್ರೆ ಎಕರೆಗೆ ಎಷ್ಟು ಟನ್ ಅಂತಲ್ಲ, ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಅಂತ. 355 ರೂಪಾಯಿ ಅನ್ನೋದು 10.25 ಇಳುವರಿಗೆ. ಮೇಲೆ ಹೋದ ಪ್ರತಿ 0.1ಕ್ಕೆ ಕ್ವಿಂಟಾಲಿಗೆ 3.46 ರೂಪಾಯಿ ಸೇರುತ್ತೆ, ಕೆಳಗೆ ಬಂದರೆ ಅಷ್ಟೇ ಕಡಿತ. 9.5ಕ್ಕಿಂತ ಕಡಿಮೆ ಇದ್ದರೆ 329.05 ರೂಪಾಯಿ, ಅದರ ಕೆಳಗೆ ಇಳಿಸೋ ಹಾಗಿಲ್ಲ. ಲೆಕ್ಕ ಹಾಕಿ ನೋಡಿ. 10.25 ಬರಬೇಕಾದ ಕಡೆ 9.75 ಅಂತ ಬರೆದರೆ ಟನ್ನಿಗೆ 173 ರೂಪಾಯಿ ಹೋಯ್ತು. ಎಕರೆಗೆ 40 ಟನ್ ಬೆಳೆದೋನಿಗೆ 6,920 ರೂಪಾಯಿ. ಈ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ಅದನ್ನ ಅಳೆಯೋದೂ ಅವರೇ, ಬರೆಯೋದೂ ಅವರೇ. ರಸ, ಕಾಕಂಬಿ ಎಥನಾಲ್ ಕಡೆ ತಿರುಗಿದಾಗ ಲೆಕ್ಕ ಇನ್ನೂ ಗೋಜಲು. ದಿನಾ ಎಷ್ಟು ಕಬ್ಬು ನುರಿಸಿದರು, ಎಷ್ಟು ಸಕ್ಕರೆ ಬಂತು, ಎಥನಾಲಿಗೆ ಎಷ್ಟು ಹೋಯ್ತು ಅನ್ನೋ ಅಂಕಿ ಕಾರ್ಖಾನೆಯ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಅದನ್ನ ಗೇಟಿನ ಬೋರ್ಡಿನಲ್ಲೂ ನಮ್ಮ ಮೊಬೈಲಿನಲ್ಲೂ ತೋರಿಸಿ ಅಂತ ಕೇಳೋದು ಅತಿಯಾಸೆಯಲ್ಲ.

ನಮ್ಮ ಕಡೆ ಇನ್ನೂ ಎಷ್ಟೋ ಜನ ಆಲೆಮನೆಗೇ ಕಬ್ಬು ಕೊಡ್ತಾರೆ. ಬೆಲ್ಲದ ರೇಟು ಒಂದೇ ಕಾರಣವಲ್ಲ. ಗಾಣದ ಪಕ್ಕ ನಿಂತರೆ ರಸ ಕಾಣುತ್ತೆ, ಕೊಪ್ಪರಿಗೆ ಕಾಣುತ್ತೆ, ಕೊನೆಗೆ ಎಷ್ಟು ಅಚ್ಚು ಬಿತ್ತು ಅಂತ ಕಣ್ಣಾರೆ ಎಣಿಸಬಹುದು. ಅಲ್ಲೂ ಮೋಸ ಇಲ್ಲದೇ ಇಲ್ಲ, ಆದರೆ ಕಣ್ಣ ಮುಂದೆ ನಡೆಯೋ ಮೋಸವನ್ನ ಹಿಡೀಬಹುದು. ಒಂದು ಕಂಪ್ಯೂಟರೂ ಇಲ್ಲದ ಆಲೆಮನೆ ಕೊಡೋ ಲೆಕ್ಕವನ್ನ ಕೋಟಿ ಖರ್ಚು ಮಾಡಿದ ಸಾಫ್ಟ್‌ವೇರ್ ಕೊಡೋಕೆ ಆಗಲ್ವಾ?

ಆಗುತ್ತೆ ಅನ್ನೋದಕ್ಕೆ ಉತ್ತರ ಪ್ರದೇಶ ಇದೆ. ಅಲ್ಲಿ ಕಬ್ಬು ಇಲಾಖೆಯೇ ರೈತರಿಗೆ ಆ್ಯಪ್ ಕೊಟ್ಟಿದೆ. ಸರ್ವೆಯಲ್ಲಿ ತನ್ನ ಹೆಸರಿಗೆ ಎಷ್ಟು ಕಬ್ಬು ಬರೆದಿದ್ದಾರೆ, ಕಟಾವಿನ ಸರದಿ ಯಾವಾಗ ಅಂತ ರೈತ ಮನೆಯಲ್ಲೇ ನೋಡಬಹುದು. 'ಪರ್ಚಿ' ಅಂತ ಕರೆಯೋ ಆರ್ಡರ್ ಚೀಟಿ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತೆ. ಚೀಟಿ ಕೈ ಬದಲಾಯಿಸೋ ದಂಧೆಗೆ ಇದರಿಂದ ಪೆಟ್ಟು ಬಿತ್ತು. ಹಾಗಂತ ಅಲ್ಲಿ ಎಲ್ಲ ಸರಿಹೋಗಿಲ್ಲ, ಬಾಕಿ ಹಣಕ್ಕೆ ಅಲ್ಲೂ ಜಗಳ ಇದ್ದೇ ಇದೆ. ಆ್ಯಪ್ ದುಡ್ಡು ಕೊಡಲ್ಲ. ಯಾರು, ಎಷ್ಟು, ಎಷ್ಟು ದಿನದಿಂದ ಬಾಕಿ ಇಟ್ಟಿದ್ದಾರೆ ಅಂತ ಮುಚ್ಚಿಡೋದನ್ನ ಕಷ್ಟ ಮಾಡುತ್ತೆ, ಅಷ್ಟೇ. ಅದೂ ಕಡಿಮೆ ಲಾಭವೇನಲ್ಲ.

ಕಾರ್ಖಾನೆಯವರ ಕಷ್ಟವೂ ಇದೆ, ಒಪ್ಪೋಣ. ಕಡಿಯೋ ಗ್ಯಾಂಗು ಸಿಗಲ್ಲ, ಮಳೆ ಬಂದರೆ ಗದ್ದೆಗೆ ಗಾಡಿ ಇಳಿಯಲ್ಲ, ಎಲ್ಲರ ಕಬ್ಬೂ ಒಂದೇ ತಿಂಗಳಲ್ಲಿ ಬಲಿಯುತ್ತೆ. ಸರದಿ ಹಿಂದೆ ಮುಂದೆ ಆಗೋದು ಸಹಜ. ಆದರೆ ಆದದ್ದನ್ನ ತಿಳಿಸೋಕೆ ಇವು ಯಾವುವೂ ಅಡ್ಡಿಯಲ್ಲ. ಸರದಿ ಹದಿನೈದು ದಿನ ಮುಂದಕ್ಕೆ ಹೋಯ್ತು ಅಂತ ಮೊದಲೇ ಗೊತ್ತಾದರೆ ಇನ್ನೊಂದು ನೀರು ಕಟ್ಟಬೇಕೋ ಬೇಡವೋ, ಸೂಲಂಗಿ ಬಂದ ಕಬ್ಬನ್ನ ಆಲೆಮನೆಗೆ ಕೊಡಬೇಕೋ ಅಂತ ನಾವೂ ತೀರ್ಮಾನ ಮಾಡ್ತೀವಿ. "ಹಳ್ಳಿಯವರಿಗೆ ಆ್ಯಪ್ ಗೊತ್ತಾಗಲ್ಲ" ಅನ್ನೋ ಮಾತು ಬೇಡ. ಫೋನ್‌ಪೇ ಮಾಡೋಕೆ ಬರೋ ಜನಕ್ಕೆ ತೂಕ ಓದೋಕೂ ಬರುತ್ತೆ. ಬರದೋರಿಗೆ ಕನ್ನಡದಲ್ಲಿ ಧ್ವನಿ ಕರೆ ಕೊಡಿ.

ಹಾಗಾಗಿ ನಾವು ಕೇಳಬೇಕಾದ್ದು ಐದು ಮೆಸೇಜು. ಒಪ್ಪಿಗೆ ಆದ ಕಬ್ಬಿನ ವಿಸ್ತೀರ್ಣ ಮತ್ತು ನಾಟಿ ದಿನಾಂಕ. ಕಟಾವಿನ ಸರದಿ, ಬದಲಾದರೆ ಬದಲಾದ ದಿನವೇ. ಮಿಲ್ಲು ನಿಂತರೆ ತಕ್ಷಣ. ಎರಡೂ ತೂಕ, ಗೇಟಿಗೆ ಬಂದ ಸಮಯದ ಸಮೇತ. ಕೊನೆಯದು ಹಣ ಜಮೆಯಾದ ದಿನ, ಕಟಾವು ಸಾಗಣೆ ಕಡಿತದ ವಿವರದ ಜೊತೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಹದಿನೈದನೇ ದಿನದಿಂದ ಬಡ್ಡಿ ಲೆಕ್ಕ ಹಾಕೋಕೆ ಕಂಪ್ಯೂಟರಿಗೆ ಯಾರ ಅಪ್ಪಣೆಯೂ ಬೇಡ. ಹಾಕ್ತಿಲ್ಲ ಅಂದ್ರೆ ಹಾಕಬೇಡ ಅಂತ ಯಾರೋ ಹೇಳಿದ್ದಾರೆ ಅಂತಲೇ ಅರ್ಥ.

ಮುಂದಿನ ಹಂಗಾಮಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ ಮೊದಲು ಈ ಐದನ್ನೂ ಬರವಣಿಗೆಯಲ್ಲಿ ಕೇಳಿ. ಒಬ್ಬೊಬ್ಬರೇ ಹೋದರೆ ಫೀಲ್ಡ್‌ಮನ್ ನಕ್ಕು ಕಳಿಸ್ತಾನೆ. ಊರಿನ ಇಪ್ಪತ್ತು ಮಂದಿ ಒಟ್ಟಿಗೆ ಹೋಗಿ, ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ. ಅಲ್ಲೀವರೆಗೆ ಕಡಿದ ದಿನ, ಗೇಟಿಗೆ ಬಂದ ಗಂಟೆ, ತೂಕ ಆದ ಗಂಟೆ, ದುಡ್ಡು ಬಂದ ದಿನ, ಈ ನಾಲ್ಕನ್ನ ಪ್ರತಿ ಲೋಡಿಗೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರ ಸಿಸ್ಟಂ ಎದುರು ಮಾತಾಡೋಕೆ ನಮ್ಮ ಹತ್ತಿರವೂ ಒಂದು ಲೆಕ್ಕ ಇರಲಿ.