ವಿಟಮಿನ್ ‘ಇ’ ಕ್ರೀಮು: ಲೇಬಲ್ ಬಾಯಿಬಿಡಲಿ

ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ವಿಟಮಿನ್ ‘ಇ’ಯ ಹಸಿರು ಕ್ಯಾಪ್ಸೂಲನ್ನು ನುಂಗುವವರಷ್ಟೇ ಚುಚ್ಚುವವರೂ ಇದ್ದಾರೆ. ಪಿನ್ನಿನಿಂದ ತೂತು ಮಾಡಿ, ಒಳಗಿನ ಅಂಟು ಎಣ್ಣೆಯನ್ನು ಲೋಳೆಸರಕ್ಕೋ ಕೊಬ್ಬರಿ ಎಣ್ಣೆಗೋ ಬೆರೆಸಿ, ಮಲಗುವ ಮುನ್ನ ಮುಖಕ್ಕೆ ಸವರಿಕೊಳ್ಳುವುದನ್ನು ಕಲಿಸುವ ರೀಲ್‌ಗಳಿಗೆ ಬರವಿಲ್ಲ. ಮೊಡವೆ ಕಲೆ, ಬಂಗು, ಸುಕ್ಕು, ಹೊಲಿಗೆಯ ಗುರುತು ಎಲ್ಲಕ್ಕೂ ಇದೇ ಮದ್ದಂತೆ.

ಈ ನಂಬಿಕೆ ಪೂರ್ತಿ ಪೊಳ್ಳಲ್ಲ. 1922ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಗುರುತಿಸಿದ ಈ ಪೋಷಕಾಂಶ ಒಂದೇ ವಸ್ತುವಲ್ಲ. ನಾಲ್ಕು ಟೊಕೊಫೆರಾಲ್, ನಾಲ್ಕು ಟೊಕೊಟ್ರೈಯೆನಾಲ್‌ಗಳ ಕುಟುಂಬ. ನಮ್ಮ ಮೈ ಹೆಚ್ಚಾಗಿ ಉಳಿಸಿಕೊಳ್ಳುವುದು ಆಲ್ಫಾ-ಟೊಕೊಫೆರಾಲನ್ನು. ಅದು ಚರ್ಮದ ಜಿಡ್ಡಿನೊಂದಿಗೆ ಮೇಲ್ಪದರಕ್ಕೆ ಬರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಜೀವಕೋಶದ ಪೊರೆಯ ಕೊಬ್ಬು ಕೆಡುತ್ತಾ ಹೋಗುವುದನ್ನು ತಡೆದು, ತಾನು ಖರ್ಚಾಗುತ್ತದೆ. ಖರ್ಚಾದದ್ದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ವಿಟಮಿನ್ ‘ಸಿ’. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಶೇ 15ರಷ್ಟು ‘ಸಿ’, ಶೇ 1ರಷ್ಟು ‘ಇ’ ಇದ್ದ ದ್ರಾವಣಕ್ಕೆ ಶೇ 0.5ರಷ್ಟು ಫೆರುಲಿಕ್ ಆಮ್ಲ ಸೇರಿಸಿ ಹಂದಿಯ ಚರ್ಮಕ್ಕೆ ಹಚ್ಚಿ ನೋಡಿದರು. ಬಿಸಿಲಿನ ವಿರುದ್ಧ ಸಿಗುವ ರಕ್ಷಣೆ ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರಿತು. ಅಂದರೆ ಫಲ ಕಂಡದ್ದು ಜೊತೆಗಾರರಿದ್ದಾಗ, ನಿಗದಿತ ಪ್ರಮಾಣದಲ್ಲಿ. ಹಾಗೆಂದು ಸನ್‌ಸ್ಕ್ರೀನಿನ ಜಾಗ ಅದಕ್ಕೆ ಸಲ್ಲದು.

ಕಲೆಯ ಕತೆಯೇ ಬೇರೆ. 1999ರಲ್ಲಿ ಮಯಾಮಿಯ ವೈದ್ಯರು ಶಸ್ತ್ರಚಿಕಿತ್ಸೆಯ ಗಾಯಕ್ಕೆ ವಿಟಮಿನ್ ‘ಇ’ ಹಚ್ಚಿಸಿದರು. ಶೇ 90ರಷ್ಟು ಪ್ರಕರಣಗಳಲ್ಲಿ ಗುರುತು ಹಾಗೇ ಉಳಿಯಿತು, ಇಲ್ಲವೇ ಇನ್ನಷ್ಟು ಎದ್ದು ಕಂಡಿತು. ಮೂವರಲ್ಲಿ ಒಬ್ಬರಿಗೆ ಹಚ್ಚಿದಲ್ಲೇ ತುರಿಕೆ, ಉರಿ, ಅಲರ್ಜಿ. ಪರೀಕ್ಷೆಗೆ ಒಳಗಾದವರು ಹದಿನೈದೇ ಮಂದಿ, ನಿಜ. ಆದರೆ ಲಾಭ ತೋರಿಸಬೇಕಾದ ಹೊಣೆ ಮಾರುವವನದ್ದು, ಮುಖ ಒಡ್ಡುವವರದ್ದಲ್ಲ.

ಇನ್ನೊಂದು ಸೂಕ್ಷ್ಮವಿದೆ. ಶುದ್ಧ ಟೊಕೊಫೆರಾಲ್ ಗಾಳಿ, ಬೆಳಕಿಗೆ ಬೇಗ ಕೆಡುತ್ತದೆ. ಅದಕ್ಕೇ ಅನೇಕ ಕ್ರೀಮುಗಳಲ್ಲಿ ಇರುವುದು ಟೊಕೊಫೆರಿಲ್ ಅಸಿಟೇಟ್. ಡಬ್ಬಿಯಲ್ಲಿ ಬಾಳಿಕೆ ಬರುವ ಈ ರೂಪ ಚರ್ಮದೊಳಗೆ ಮತ್ತೆ ಟೊಕೊಫೆರಾಲ್ ಆದರೆ ಮಾತ್ರ ಉಪಯೋಗ, ಆ ಬದಲಾವಣೆಯೋ ಅಲ್ಪಸ್ವಲ್ಪ. ರೂಪ ಬದಲಾದರೆ ಅಪಾಯವೂ ಬದಲಾಗುತ್ತದೆ: 1992ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಟೊಕೊಫೆರಿಲ್ ಲಿನೋಲಿಯೇಟ್ ಇದ್ದ ಪ್ರಸಾಧನಗಳಿಂದ ನೂರಾರು ಜನರ ಮೈಮೇಲೆ ಗುಳ್ಳೆಗಳೆದ್ದವು.

ಇಷ್ಟೆಲ್ಲ ವ್ಯತ್ಯಾಸವಿರುವಾಗ ಡಬ್ಬಿಯ ಮುಂಭಾಗದಲ್ಲಿ ಕಾಣುವುದು ದಪ್ಪಕ್ಷರದ ‘ವಿಟಮಿನ್ ಇ’ ಮಾತ್ರ. ಹಿಂಭಾಗದ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದಿದರೂ ರೂಪ ತಿಳಿದೀತು, ಪ್ರಮಾಣ ತಿಳಿಯದು. ನಮ್ಮ ನಿಯಮದ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನಷ್ಟೇ ಇಳಿಕೆ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಹನಿ ಹಾಕಿ ಹೊಳೆ ಎಂದು ಮಾರಲು ಇದಕ್ಕಿಂತ ಅನುಕೂಲ ಬೇಕೆ?

ಹೊಟ್ಟೆಗೆ ಬೇಕಾದ ‘ಇ’ ಶೇಂಗಾ ಚಟ್ನಿಪುಡಿ, ಸೂರ್ಯಕಾಂತಿ ಎಣ್ಣೆ, ಬಾದಾಮಿಯಲ್ಲಿ ಸಿಗುತ್ತದೆ. ಚರ್ಮಕ್ಕೆಂದು ದುಡ್ಡು ಪಡೆಯುವವರು ಮಾತ್ರ ಯಾವ ಸಂಯುಕ್ತ, ಶೇಕಡ ಎಷ್ಟು ಎಂಬುದನ್ನು ಡಬ್ಬಿಯ ಮುಂಭಾಗದಲ್ಲೇ ಮುದ್ರಿಸಲಿ. ಔಷಧ ನಿಯಂತ್ರಣ ಇಲಾಖೆ ಇದನ್ನು ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ, ಹೊಸದೇನನ್ನೇ ಹಚ್ಚುವುದಿದ್ದರೂ ಮೊದಲು ಮೊಣಕೈ ಒಳಭಾಗಕ್ಕೆ ಸವರಿ ಒಂದೆರಡು ದಿನ ಕಾದು ನೋಡಿ.