ಗ್ಯಾರಂಟಿ ಇಂಗ್ಲಿಷಿನಲ್ಲಿ, ನಾಮ ಕನ್ನಡದಲ್ಲಿ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಬಿಟ್ಟು ಬೆಂಗಳೂರು ಸೇರಿ ದುಡಿಯುತ್ತಿರುವ ಕನ್ನಡದ ಹುಡುಗರೇ, ಈ ಮಾತು ನಿಮಗೆ. ನಾನು ಸಾಹಿತಿಯಲ್ಲ, ವಕೀಲನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಷೀನಿನ ಮುಂದೆ ನಿಂತವನು. ಹೊನ್ನಾಳಿಯಲ್ಲಿ ಮದುವೆ ಕಾರ್ಡು, ಜಾತ್ರೆಯ ಕರಪತ್ರ, ಗ್ಯಾರೇಜಿನ ಬಿಲ್ ಪುಸ್ತಕ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಆದರೆ ಒಂದು ವಿದ್ಯೆ ನನಗೆ ಚೆನ್ನಾಗಿ ಗೊತ್ತು. ಯಾವ ಮಾತನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ, ಯಾವುದನ್ನು ಇರುವೆ ಕಾಲಿನಷ್ಟು ಸಣ್ಣಗೆ ಹಾಕುತ್ತಾರೆ, ಯಾಕೆ ಹಾಕುತ್ತಾರೆ ಎಂಬುದು!

ಹೋದ ವರ್ಷ ನ್ಯಾಮತಿ ಕಡೆಯ ಹುಡುಗನೊಬ್ಬ ನನ್ನ ಪ್ರೆಸ್ಸಿಗೆ ಬಂದ. ಬೆಂಗಳೂರಿನಲ್ಲಿ ಕೆಲಸ. ಅಪಘಾತವಾಗಿದ್ದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಎರಡೇ ಬಾಗಿಲು, ನೆಲಕ್ಕೆ ಅಂಟಿದ ಮೈ, ಕೆಂಪು ಬಣ್ಣ, ಮೂತಿ ಮಾತ್ರ ನಜ್ಜುಗುಜ್ಜು. ಹೊಸದರ ಮೂರನೇ ಒಂದು ಭಾಗದ ಬೆಲೆಗೆ ಸಿಕ್ಕಿತೆಂದು ಹಿಗ್ಗಿದ್ದ. ಅಪ್ಪ ಅಡಿಕೆ ತೋಟವನ್ನು ಚೇಣಿಗೆ ಕೊಟ್ಟು ದುಡ್ಡು ಕಳಿಸಿದ್ದರು. ಮಾರಿದವನ ಬಾಯಲ್ಲಿ ಬೆಣ್ಣೆ: "ಕಂಪನಿ ವಾರಂಟಿ ಇನ್ನೂ ಎರಡು ವರ್ಷ ಇದೆ ಬ್ರದರ್, ರೆಡಿ ಮಾಡಿಸಿ ಓಡಿಸಿ!" ನಮ್ಮ ಕಡೆಯದೇ ಗ್ಯಾರೇಜಿನಲ್ಲಿ ಐದು ತಿಂಗಳು ಬಡಿದು, ಬೆಸೆದು, ಬಣ್ಣ ಬಳಿದರು. ರಸ್ತೆಗಿಳಿದು ತಿಂಗಳು ತುಂಬುವುದರೊಳಗೆ ಗೇರ್‌ಬಾಕ್ಸ್ ಕೈಕೊಟ್ಟಿತು. ಕಂಪನಿಯ ಬಾಗಿಲಿಗೆ ಹೋದರೆ ಇಂಗ್ಲಿಷಿನ ಒಂದು ಹಾಳೆ ಕೈಗಿಟ್ಟು ಕಳಿಸಿದರು.

ದೂರು ಟೈಪು ಮಾಡಿಸಲು ಬಂದವನು ವಾರಂಟಿ ಪುಸ್ತಕವನ್ನೂ ತಂದಿದ್ದ. ಆರು ಪಾಯಿಂಟಿನ ಅಕ್ಷರ. ಪ್ರೂಫ್ ನೋಡುವ ಭೂತಗನ್ನಡಿ ಹಿಡಿದೇ ಓದಬೇಕಾಯಿತು. ಅಪಘಾತದಿಂದಾದ ಹಾನಿಗೆ ವಾರಂಟಿ ಇಲ್ಲ. ಅಧಿಕೃತವಲ್ಲದ ಕಡೆ ರಿಪೇರಿ ಮಾಡಿಸಿದರೆ ಇಲ್ಲ. ಬೇರೆ ಕಂಪನಿಯ ಬಿಡಿಭಾಗ ಹಾಕಿದರೆ ಇಲ್ಲ. ಮೂಲ ರೂಪ ಬದಲಿಸಿದರೆ ಇಲ್ಲ. ಪದವಿ ಓದಿದ ಹುಡುಗ, ಕೊಳ್ಳುವ ಮೊದಲು ಇದರಲ್ಲಿ ಒಂದು ಸಾಲನ್ನೂ ಓದಿರಲಿಲ್ಲ.

ಆಮೇಲೆ ಗ್ಯಾರೇಜಿನ ಬಿಲ್ಲು ತೆಗೆದ. ಅದರ ತಳದಲ್ಲಿ ಅಚ್ಚ ಕನ್ನಡದಲ್ಲಿ, ಹದಿನಾಲ್ಕು ಪಾಯಿಂಟಿನ ದಪ್ಪಕ್ಷರದಲ್ಲಿ: "ಮಾಡಿದ ಕೆಲಸಕ್ಕೆ ಗ್ಯಾರಂಟಿ ಇರುವುದಿಲ್ಲ. ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ." ಮೂಲೆಯಲ್ಲಿ ಮುದ್ರಕರ ಹೆಸರು ಇತ್ತು. ನನ್ನದೇ ಪ್ರೆಸ್ಸು!

ನೋಡಿ ಹೇಗಿದೆ ನ್ಯಾಯ! ಕೊಡುವ ಮಾತು ಇಂಗ್ಲಿಷಿನಲ್ಲಿ, ಸಣ್ಣಕ್ಷರದಲ್ಲಿ. ಕೈತೊಳೆದುಕೊಳ್ಳುವ ಮಾತು ಕನ್ನಡದಲ್ಲಿ, ದಪ್ಪಕ್ಷರದಲ್ಲಿ. ನಮ್ಮ ಭಾಷೆ ಇವರಿಗೆ ಬೇಕಾದದ್ದು ನಮ್ಮನ್ನು ಆಚೆ ದಬ್ಬಲು ಮಾತ್ರವೇ? ಆ ಕೆಲಸಕ್ಕೆ ಮಸಿ ಒದಗಿಸಿದವನು ನಾನೇ ಎಂದು ಅಂದು ತಲೆ ತಗ್ಗಿಸಿದೆ.

ಕಂಪನಿಯವರ ಮಾತಿನಲ್ಲಿ ನ್ಯಾಯವೇ ಇಲ್ಲ ಎನ್ನುವುದಿಲ್ಲ. ವಾರಂಟಿ ಎಂದರೆ ಕಾರ್ಖಾನೆಯಲ್ಲಿ ಆದ ದೋಷಕ್ಕೆ ಕೊಡುವ ಭರವಸೆ. ಇಂದಿನ ಕಾರುಗಳಲ್ಲಿ ಮೈಯೇ ಎಲುಬು. ಡಿಕ್ಕಿಯ ಪೆಟ್ಟನ್ನು ತಾನು ಮಡಚಿಕೊಂಡು ಒಳಗಿನವರನ್ನು ಉಳಿಸಲೆಂದೇ ಮುಂಭಾಗವನ್ನು ರೂಪಿಸಿರುತ್ತಾರೆ. ಒಮ್ಮೆ ಮಡಚಿದ ತಗಡನ್ನು ಎಳೆದು ಬೆಸೆದರೆ ಮೊದಲಿನ ಬಲ ಬಾರದು. ತೆರೆದುಕೊಂಡ ಏರ್‌ಬ್ಯಾಗನ್ನು ಬದಲಿಸದೆ, ಎಚ್ಚರಿಕೆಯ ದೀಪ ಆರಲೆಂದು ಪುಟ್ಟ ರೆಸಿಸ್ಟರ್ ಸಿಕ್ಕಿಸಿ ಮಾರುವ ಕಳ್ಳವಿದ್ಯೆಯೂ ಇದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ ಕಂಪನಿಯನ್ನೇ ಹೊಣೆ ಮಾಡಿತು. ಡಿಕ್ಕಿಯ ವೇಗ, ಬಲ ಲೆಕ್ಕ ಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂಬುದು ಆ ತೀರ್ಪಿನ ಸಾರ. ಆದರೆ ಯಾರೋ ಎಲ್ಲೋ ಕಟ್ಟಿದ ಏರ್‌ಬ್ಯಾಗು ತೆರೆಯದಿದ್ದರೆ ನೀವು ಯಾರ ಕೊರಳಪಟ್ಟಿ ಹಿಡಿಯುತ್ತೀರಿ?

ಆದ್ದರಿಂದ ಕೆಂಪು ಬಣ್ಣಕ್ಕೆ ಮರುಳಾಗುವ ಮುನ್ನ ಕಾಗದ ನೋಡಿ. ವಿಮೆ ಲೆಕ್ಕದಲ್ಲಿ, ಪಾಲಿಸಿಯಲ್ಲಿ ಬರೆದ ವಾಹನದ ಬೆಲೆಯ ಶೇ. 75ಕ್ಕಿಂತ ಹೆಚ್ಚು ರಿಪೇರಿಗೆ ತಗಲುವುದಾದರೆ ಅದು ಪೂರ್ಣ ನಷ್ಟ. ಅಂಥ ಗಾಡಿ ಹರಾಜಿಗೆ ಬರುವುದು "ಇದ್ದಲ್ಲಿ, ಇದ್ದಂತೆ" ಎಂಬ ಷರತ್ತಿನ ಮೇಲೆ. ವಿಮಾ ಕ್ಲೇಮಿನ ಕಾಗದ, ಸರ್ವೆಯರ್ ವರದಿ, ಆರ್‌ಸಿಯ ಈಗಿನ ಸ್ಥಿತಿ, ಇಷ್ಟನ್ನೂ ಕೇಳಿ ಪಡೆಯಿರಿ. ಮತ್ತೆ ಬಳಸಲಾಗದಷ್ಟು ಹಾಳಾದ ವಾಹನದ ನೋಂದಣಿ ರದ್ದಾಗಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಸತ್ತ ಗಾಡಿಯ ಆರ್‌ಸಿಯನ್ನು ಕದ್ದ ಗಾಡಿಗೆ ತೊಡಿಸುವ ಖದೀಮರಿದ್ದಾರೆ. ಹದಿನೇಳು ಅಕ್ಷರಗಳ ಚಾಸಿಸ್ ನಂಬರನ್ನು ಕಣ್ಣಾರೆ ಕಂಡು, ಕಾಗದದ ಜೊತೆ ತಾಳೆ ನೋಡಿ. ಅದೇ ನಂಬರು ಹಿಡಿದು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, "ಈ ಗಾಡಿಗೆ ವಾರಂಟಿ ಉಳಿದಿದೆಯೇ? ಯಾವ ಭಾಗಕ್ಕೆ? ಎಲ್ಲಿಯವರೆಗೆ?" ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತು ಬೇಡ.

1930ರ ಸರಕು ಮಾರಾಟ ಕಾಯ್ದೆಯಲ್ಲಿ ಒಂದು ಮಾತಿದೆ. ನೀವೇ ಪರೀಕ್ಷಿಸಿ ಕೊಂಡ ಮಾಲಿನಲ್ಲಿ, ಪರೀಕ್ಷೆಗೆ ಕಾಣಬೇಕಾಗಿದ್ದ ದೋಷಕ್ಕೆ ಆಮೇಲೆ ಗುಣಮಟ್ಟದ ಹೆಸರಿನಲ್ಲಿ ತಕರಾರು ನಿಲ್ಲದು. ಮೂತಿ ಒಡೆದದ್ದು ಕಣ್ಣಿಗೆ ಕಾಣುತ್ತಿತ್ತಲ್ಲ ಎಂದು ಅವನು ಗೆಲ್ಲುತ್ತಾನೆ. ಮುಚ್ಚಿಟ್ಟದ್ದು ಏನು, ಹೇಳಿದ್ದು ಏನು ಎಂಬುದಕ್ಕೆ ನಿಮ್ಮ ಕೈಯಲ್ಲಿ ಕಾಗದ ಬೇಕು. ಗ್ಯಾರೇಜಿನವನ ಹತ್ತಿರವೂ ಅಷ್ಟೇ. ಯಾವ ಭಾಗ ಹೊಸದು, ಯಾವುದು ಹಳೆಯದು, ಯಾವುದಕ್ಕೆ ಎಷ್ಟು ತಿಂಗಳ ಹೊಣೆ, ಇದೆಲ್ಲ ಬಿಲ್ಲಿನ ಮೇಲೇ ಕನ್ನಡದಲ್ಲಿ ಬರಲಿ, ಕೆಳಗೆ ಅವನ ಸಹಿ ಬೀಳಲಿ.

ಇನ್ನು ಆ ದಪ್ಪಕ್ಷರದ ಬೆದರಿಕೆ! 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ಅಂದಮೇಲೆ ನಾನು ಇಷ್ಟು ವರ್ಷ ಅಚ್ಚು ಹಾಕಿದ ಆ ಸಾಲು ಬರೀ ಗುಮ್ಮ!

ಗುಮ್ಮನಿಗೆ ಹೆದರಬೇಡಿ. 1997ರ ಆಗಸ್ಟ್ 15ರವರೆಗೆ ಹೊನ್ನಾಳಿ, ಚನ್ನಗಿರಿಯವರು ಜಿಲ್ಲಾ ಕೆಲಸಕ್ಕೆ ಶಿವಮೊಗ್ಗಕ್ಕೆ ಓಡಬೇಕಿತ್ತು, ಜಗಳೂರಿನವರು ಚಿತ್ರದುರ್ಗಕ್ಕೆ. ಈಗ ದಾವಣಗೆರೆಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ಮೀರಿರಬಾರದು, ಎರಡು ವರ್ಷ ದಾಟಿರಬಾರದು. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆದರೆ ನೆನಪಿಡಿ, ವ್ಯಾಪಾರಿಯಲ್ಲದ ಯಾರೋ ಒಬ್ಬರಿಂದ ಕೊಂಡಿದ್ದರೆ ಈ ದಾರಿ ಕಷ್ಟ. 1915 ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೇ ಮಾತಾಡಿ.

ಕಾನೂನು ಮಾಡುವವರಿಗೂ ಒಂದು ಪ್ರಶ್ನೆ. 2011ರ ಪೊಟ್ಟಣ ಸರಕು ನಿಯಮಗಳಲ್ಲಿ ಡಬ್ಬಿಯ ಮೇಲಿನ ವಿವರ ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆಂದಿದೆ. ಕನ್ನಡ? ಬೇಕಾದರೆ ಜೊತೆಗೆ ಹಾಕಿಕೊಳ್ಳಿ ಎಂಬ ಭಿಕ್ಷೆ! 2024ರಲ್ಲಿ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಕಡ್ಡಾಯವೆಂದು ಕಾನೂನು ತಿದ್ದಿದರು, ಸಂತೋಷ. ಬೋರ್ಡು ಕನ್ನಡವಾಗಿ ವಾರಂಟಿ ಇಂಗ್ಲಿಷಾಗಿ ಉಳಿದರೆ ಬಾಗಿಲಲ್ಲಿ ತೋರಣ, ಒಳಗೆ ಬೀಗ! ಕರ್ನಾಟಕದಲ್ಲಿ ಮಾರುವ ಪ್ರತಿ ವಾಹನದ ವಾರಂಟಿ, ಪ್ರತಿ ಬಿಡಿಭಾಗದ ಷರತ್ತು ಕನ್ನಡದಲ್ಲಿ, ಓದಬಲ್ಲ ಅಳತೆಯ ಅಕ್ಷರದಲ್ಲಿ ಬರಬೇಕು. ನೀವು ಶೋರೂಮಿನಲ್ಲಿ ಇಂಗ್ಲಿಷು ಬರುತ್ತದೆಂದು ಬೀಗುತ್ತಾ ಓದದೇ ಸಹಿ ಹಾಕುವವರೆಗೂ ಅದು ಬರುವುದಿಲ್ಲ. ಸಹಿಗೆ ಮುಂಚೆ ಪೆನ್ನು ಕೆಳಗಿಟ್ಟು, "ಕನ್ನಡದ ಪ್ರತಿ ಕೊಡಿ" ಎನ್ನಿ. ಹತ್ತು ಜನ ಕೇಳಿದರೆ ನಗುತ್ತಾರೆ. ಸಾವಿರ ಜನ ಕೇಳಿದರೆ ಅಚ್ಚು ಹಾಕಿಸುತ್ತಾರೆ. ನನ್ನ ಕಸುಬಿನ ಮೇಲಾಣೆ!

ಆ ಹುಡುಗನ ಕಾರು ಇವತ್ತಿಗೂ ಅವರ ಕಣದ ಮೂಲೆಯಲ್ಲಿ ತಾಡಪಾಲು ಹೊದ್ದು ನಿಂತಿದೆ. ಅದರ ಮಗ್ಗುಲಲ್ಲೇ ಚೇಣಿದಾರ ಅವರ ತೋಟದ ಅಡಿಕೆ ಒಣಗಿಸುತ್ತಾನೆ. ಅವನ ದೂರನ್ನು ನಾನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಪುಕ್ಕಟೆ ಅಚ್ಚು ಹಾಕಿಕೊಟ್ಟೆ. ಅಂದಿನಿಂದ "ವಾಪಸ್ ಇಲ್ಲ, ಗ್ಯಾರಂಟಿ ಇಲ್ಲ" ಎಂಬ ಸಾಲನ್ನು ನನ್ನ ಮಷೀನು ಅಚ್ಚು ಹಾಕಿಲ್ಲ. ಇಬ್ಬರು ಗಿರಾಕಿಗಳು ಬೇರೆ ಪ್ರೆಸ್ಸಿಗೆ ಹೋದರು. ಹೋಗಲಿ! ನಾನು ಆ ಸಾಲು ಬಿಟ್ಟೆ. ಓದದೇ ಸಹಿ ಹಾಕುವ ಚಾಳಿಯನ್ನು ನೀವು ಯಾವಾಗ ಬಿಡುತ್ತೀರಿ?