ನೋಡುವ ಹಕ್ಕಿ

ರಾತ್ರಿ ಎಂಟು ಗಂಟೆ. ಎಸ್ಸೆಸ್ಸೆಲ್ಸಿ ಹುಡುಗನೊಬ್ಬ ಸಮಾಜ ವಿಜ್ಞಾನದ ಪುಸ್ತಕ ಬಿಡಿಸಿಕೊಂಡು ಕುಳಿತಿದ್ದಾನೆ. ಪಾಠ, 1857ರ ದಂಗೆಯ ಕಾರಣಗಳು. ಅಡುಗೆಮನೆಯಿಂದ ತಾಯಿ ಕೇಳುತ್ತಾಳೆ: “ಓದ್ತಾ ಇದೀಯೇನೋ?” “ಹೂಂ ಅಮ್ಮ.” ಪೂರ್ತಿ ಸುಳ್ಳೇನೂ ಅಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಸರಿಯುತ್ತಿದೆ, ಕೈ ಹಾಳೆ ಮಗುಚುತ್ತಿದೆ. ಮನಸ್ಸು ಮಾತ್ರ ಸಂಜೆ ಮೈದಾನದಲ್ಲಿ ಕೈಬಿಟ್ಟ ಕ್ಯಾಚಿನ ಹತ್ತಿರವೇ ಸುತ್ತುತ್ತಿದೆ. ಎರಡು ಪುಟ ದಾಟಿದ ಮೇಲೆ ಥಟ್ಟನೆ ಹೊಳೆಯುತ್ತದೆ: ‘ಅರೆ, ಇಷ್ಟು ಹೊತ್ತು ಏನೂ ಓದಲೇ ಇಲ್ಲವಲ್ಲ!’

ಹಾಗೆ ಹೊಳೆದ ಆ ಕ್ಷಣ ಬಹಳ ದೊಡ್ಡದು. ಅಲೆಯುವ ಮನಸ್ಸನ್ನು ಪಕ್ಕದಲ್ಲಿ ನಿಂತು ಕಂಡ ಅರಿವೊಂದು ಅವನೊಳಗೇ ಇದೆ ಎಂದಾಯಿತು. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳ ಚಿತ್ರವಿದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಇದನ್ನು ವೇದಾಂತಿಗಳು ಜೀವಾತ್ಮ, ಪರಮಾತ್ಮರ ಮಟ್ಟದಲ್ಲಿ ವಿವರಿಸಿದ್ದಾರೆ. ಅಷ್ಟು ಎತ್ತರಕ್ಕೆ ಏರಲಾಗದವರಿಗೂ ಈ ಚಿತ್ರ ಉಪಯೋಗಕ್ಕೆ ಬರುತ್ತದೆ. ಮೇಲಿನ ಅರಿವಿನ ಮೊದಲ ಮೆಟ್ಟಿಲು ಹಿಮಾಲಯದಲ್ಲಿಲ್ಲ, ಓದುವ ಮೇಜಿನ ಬಳಿಯೇ ಇದೆ.

ಮನೋವಿಜ್ಞಾನಿಗಳೂ ತಮ್ಮದೇ ದಾರಿಯಲ್ಲಿ ಇದರ ಹತ್ತಿರ ಬಂದಿದ್ದಾರೆ. ತನ್ನ ತಿಳಿವಳಿಕೆಯನ್ನು ತಾನೇ ಗಮನಿಸುವ ಈ ಶಕ್ತಿಯನ್ನು ಅವರು ‘ಮೆಟಾಕಾಗ್ನಿಷನ್’ ಎಂದು ಕರೆಯುತ್ತಾರೆ. ಅಮೆರಿಕದ ಜಾನ್ ಫ್ಲೇವೆಲ್ 1979ರಲ್ಲಿ ಬರೆದ ಲೇಖನ ಈ ಅಧ್ಯಯನಕ್ಕೆ ಬುನಾದಿಯಾಯಿತು.

ಈ ಶಕ್ತಿ ಮಂಕಾದರೆ ಏನಾಗುತ್ತದೆ? ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಉತ್ತರವಿದೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ಉಳಿದದ್ದು ಸುಮಾರು ಶೇಕಡ 40, ಬರೆದು ನೋಡಿಕೊಂಡವರಿಗೆ ಶೇಕಡ 61. ಆದರೆ ‘ವಾರದ ನಂತರವೂ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಾಗಿದ್ದದ್ದು ಬರೀ ಓದಿದವರಿಗೆ! ಓದಿ ಓದಿ ಪುಟ ಪರಿಚಿತವಾಗುತ್ತದೆ. ಆ ಪರಿಚಯವನ್ನೇ ಮನಸ್ಸು ತಿಳಿವಳಿಕೆ ಎಂದು ನಂಬಿಬಿಡುತ್ತದೆ.

ಹಾಗಾಗಿ ವಿದ್ಯಾರ್ಥಿಗೆ ದುಬಾರಿ ಗೈಡುಗಳಿಗಿಂತ ಒಂದು ಸಣ್ಣ ಅಭ್ಯಾಸ ಹೆಚ್ಚು ಉಪಕಾರಿ. ಅರ್ಧ ಗಂಟೆಗೊಮ್ಮೆ ಪುಸ್ತಕ ಮುಚ್ಚಿ, ಏನು ಗೊತ್ತಾಯಿತು, ಏನು ಗೊತ್ತಾಗಲಿಲ್ಲ ಎಂದು ತನ್ನನ್ನೇ ಕೇಳಿಕೊಳ್ಳುವುದು. ಮನಸ್ಸು ಅಲೆದಾಡಿದ್ದರೆ ತನ್ನನ್ನು ಹಳಿದುಕೊಳ್ಳದೆ ಮತ್ತೆ ಪಾಠಕ್ಕೆ ಮರಳುವುದು.

ಇದರಲ್ಲಿ ತಂದೆ ತಾಯಿಯ ಪಾಲೂ ಇದೆ. ‘ನನಗೆ ಇದು ಗೊತ್ತಿಲ್ಲ’ ಎಂದ ಮಗುವಿಗೆ ಬೈಗುಳ ಸಿಕ್ಕರೆ, ಅದು ಗೊತ್ತಿಲ್ಲದ್ದನ್ನು ಮೊದಲು ಅಪ್ಪನಿಂದ ಮುಚ್ಚಿಡುತ್ತದೆ. ಕ್ರಮೇಣ ತನ್ನಿಂದಲೇ ಮುಚ್ಚಿಟ್ಟುಕೊಳ್ಳಲು ಕಲಿಯುತ್ತದೆ. ನೋಡುವ ಹಕ್ಕಿ ಕಣ್ಣು ಮುಚ್ಚುವುದು ಹೀಗೆ. ಅಂಕಪಟ್ಟಿ ಕೈಗೆ ಬಂದಾಗ ಏರುವ ದನಿಯನ್ನು ಅಪ್ಪನೂ ಒಂದು ಗಳಿಗೆ ಗಮನಿಸಬೇಕು. ಸಿಟ್ಟಿನ ಅಡಿಯಲ್ಲಿ ಮಗನ ನಾಳೆಯ ಬಗೆಗಿನ ಹೆದರಿಕೆ ಕುಳಿತಿರುತ್ತದೆ. ಅದನ್ನು ಕಂಡವನ ದನಿ ತಾನಾಗಿಯೇ ಇಳಿಯುತ್ತದೆ.

ಇತ್ತ ಹುಡುಗ ಪುಸ್ತಕ ಮುಚ್ಚಿ ಅಡುಗೆಮನೆಗೆ ಬಂದಿದ್ದಾನೆ. ಬೆರಳು ಮಡಿಸುತ್ತ ಒಂದೊಂದೇ ಕಾರಣ ಹೇಳುತ್ತಾನೆ. ಆಡಳಿತದ್ದು, ಆರ್ಥಿಕ... ಮೂರನೆಯ ಬೆರಳಿಗೆ ತಡವರಿಸುತ್ತಾನೆ. “ಸೈನಿಕ ಕಾರಣ ನಂಗೆ ಸರಿಯಾಗಿ ಗೊತ್ತಿಲ್ಲ ಅಮ್ಮ.” ತಾಯಿ ಲಟ್ಟಣಿಗೆ ನಿಲ್ಲಿಸಿ ನಗುತ್ತಾಳೆ. “ಗೊತ್ತಿಲ್ಲ ಅಂತ ಗೊತ್ತಾಯ್ತಲ್ಲ, ಹೋಗಿ ಅದೊಂದು ಓದ್ಕೊಂಡು ಬಾ. ಅಷ್ಟರಲ್ಲಿ ಚಪಾತಿ ಆಗುತ್ತೆ.”